ಶನಿವಾರ ಬೆಳಗಿನ ಮಾತಿಗೆ ದುಡ್ಡು ಕೊಡುವವರು ಯಾರು?

2026ರ ಜನವರಿ 5ರಂದು ಅಮೆರಿಕದಲ್ಲಿ ಒಂದು ಸಂಸ್ಥೆ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳಲು ತೀರ್ಮಾನಿಸಿತು. ಹೆಸರು ಕಾರ್ಪೊರೇಶನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್, ಚಿಕ್ಕದಾಗಿ ಸಿಪಿಬಿ. 1967ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ ಈ ಸಂಸ್ಥೆಯ ಕೆಲಸ ಇಷ್ಟೇ: ಸರಕಾರದ ಖಜಾನೆಯಿಂದ ಹಣ ಪಡೆದು ದೇಶದ 1,500ಕ್ಕೂ ಹೆಚ್ಚು ಸಾರ್ವಜನಿಕ ರೇಡಿಯೊ ಮತ್ತು ಟಿವಿ ಕೇಂದ್ರಗಳಿಗೆ ಹಂಚುವುದು. ಹಂಚಲು ಹಣವೇ ಇಲ್ಲ ಎಂದಾದ ಮೇಲೆ ಅಂಗಡಿ ತೆರೆದಿಟ್ಟು ಏನು ಮಾಡುವುದು? ಯುದ್ಧ, ಸುಂಕ, ವೀಸಾದ ಸುದ್ದಿಗಳ ನಡುವೆ ನಮ್ಮ ಕಡೆ ಇದು ಹೆಚ್ಚು ಚರ್ಚೆಯಾಗಲಿಲ್ಲ. ಆದರೆ ಚಿಕ್ಕ ಭಾಷೆ, ಚಿಕ್ಕ ಊರು, ಚಿಕ್ಕ ಸಮುದಾಯದ ಜನರು ಈ ಸುದ್ದಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಮೊದಲು ಏನು ಅಪಾಯದಲ್ಲಿದೆ ಎಂಬುದನ್ನು ನೋಡೋಣ. ಅಮೆರಿಕದ ಸಾರ್ವಜನಿಕ ರೇಡಿಯೊ ಜಾಲ ಎನ್‌ಪಿಆರ್ 1971ರಿಂದ ಪ್ರಸಾರದಲ್ಲಿದೆ. ಅದರ ವಾರಾಂತ್ಯದ ಕಾರ್ಯಕ್ರಮ 'ವೀಕೆಂಡ್ ಎಡಿಷನ್'. ಶನಿವಾರದ್ದು 1985ರ ನವೆಂಬರ್‌ನಲ್ಲಿ ಶುರುವಾಯಿತು, ಅಂದಿನಿಂದ ಅದರ ಮುಖ್ಯ ದನಿ ಸ್ಕಾಟ್ ಸೈಮನ್. ಭಾನುವಾರದ್ದು 1987ರ ಜನವರಿಯಲ್ಲಿ ಸುಸಾನ್ ಸ್ಟಾಂಬರ್ಗ್ ಅವರಿಂದ ಶುರುವಾಗಿ, 2022ರಿಂದ ಆಯೆಷಾ ರಾಸ್ಕೋ ಅವರ ಕೈಯಲ್ಲಿದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗ್ಗೆ ಎಂಟಕ್ಕೆ ಶುರುವಾಗುವ ಈ ಮಾತು ಚಳಿಗಾಲದಲ್ಲಿ ಮಂಗಳೂರಿಗೆ ಸಂಜೆ ಆರೂವರೆ, ದುಬೈಗೆ ಐದು ಗಂಟೆ. ಫೋನಿನಲ್ಲಿ ಆ್ಯಪ್ ಇದ್ದರೆ ಅಂಗಡಿಯಲ್ಲಿ ಕೂತು ಕೇಳಬಹುದು.

ಎರಡು ಗಂಟೆಯ ಕಾರ್ಯಕ್ರಮ. ಒಬ್ಬ ಕಾದಂಬರಿಕಾರ್ತಿ ಬಂದು ಹೋಗುತ್ತಾಳೆ, ಆಮೇಲೆ ತಿಮಿಂಗಿಲದ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ, ಆಮೇಲೆ ಒಬ್ಬ ಸಂಸದ, ನಡುವೆ ಯುದ್ಧಭೂಮಿಯಿಂದ ವರದಿಗಾರ, ಕೊನೆಗೆ ಒಬ್ಬ ಗಿಟಾರ್ ವಾದಕ. ಒಬ್ಬೊಬ್ಬರಿಗೆ ಹೆಚ್ಚೆಂದರೆ ಏಳೆಂಟು ನಿಮಿಷ. ಕೂಗಾಟ ಇಲ್ಲ. ಟಿವಿ ಪರದೆಯನ್ನು ಎಂಟು ಕಿಟಕಿ ಮಾಡಿ ಎಲ್ಲರನ್ನೂ ಒಟ್ಟಿಗೆ ಬೊಬ್ಬೆ ಹೊಡೆಸುವ ನಮ್ಮ ರಾತ್ರಿ ಒಂಬತ್ತರ ಚರ್ಚೆ ಕೇಳಿ ಅಭ್ಯಾಸ ಆದವರಿಗೆ ಇದು ಸಪ್ಪೆ ಅನ್ನಿಸಬಹುದು. ಭಾನುವಾರ ಒಂದು ಪದಬಂಧದ ಆಟವೂ ಇದೆ. ನ್ಯೂಯಾರ್ಕ್ ಟೈಮ್ಸ್‌ನ ಪದಬಂಧ ಸಂಪಾದಕ ವಿಲ್ ಶಾರ್ಟ್ಜ್ 1987ರಿಂದ ನಡೆಸುತ್ತಿದ್ದಾರೆ. ಶುರುವಿನಲ್ಲಿ ಕೇಳುಗರು ಪೋಸ್ಟ್ ಕಾರ್ಡಿನಲ್ಲಿ ಉತ್ತರ ಬರೆದು ಕಳುಹಿಸುತ್ತಿದ್ದರು. ಗೆದ್ದವನು ಫೋನಿನಲ್ಲಿ ಆಡಬಹುದು, ಬಹುಮಾನ ಅಂಗಿಗೆ ಸಿಕ್ಕಿಸುವ ಒಂದು ಪಿನ್ನು! ಅದಕ್ಕಾಗಿ ದೇಶವೆಲ್ಲ ವಾರಪೂರ್ತಿ ತಲೆ ಕೆರೆದುಕೊಳ್ಳುತ್ತದೆ.

ಏಳು ನಿಮಿಷದ ಸಂದರ್ಶನ ಕೇಳಲು ಸುಲಭ, ತಯಾರಿಸಲು ದುಬಾರಿ. ಪುಸ್ತಕವನ್ನು ಯಾರಾದರೂ ಪೂರ್ತಿ ಓದಿರಬೇಕು. ವಿಜ್ಞಾನಿಯ ಪ್ರಬಂಧ ಯಾರಿಗಾದರೂ ಅರ್ಥ ಆಗಿರಬೇಕು. ಹಲವು ಸಲ ಇಪ್ಪತ್ತು ನಿಮಿಷ ಮಾತಾಡಿಸಿ, ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ. ಹೀಗೆ ಇಳಿಸುವಾಗ ಎದುರಿನವರ ಮಾತಿನ ಅರ್ಥ ತಿರುಚಬಾರದು. ಇದಕ್ಕೆಲ್ಲ ಸಂಬಳದ ಜನ ಬೇಕು. ಬೊಬ್ಬೆಗೆ ಇದು ಯಾವುದೂ ಬೇಡ, ನಾಲ್ಕು ಜನರಿಗೆ ಫೋನ್ ಮಾಡಿದರೆ ಸಾಕು. ಮಾರುಕಟ್ಟೆಯ ಲೆಕ್ಕದಲ್ಲಿ ಬೊಬ್ಬೆ ಯಾಕೆ ಗೆಲ್ಲುತ್ತದೆ ಅಂತ ಕೇಳುವವರು ಮೊದಲು ಈ ಖರ್ಚಿನ ಪಟ್ಟಿಯನ್ನು ನೋಡಬೇಕು.

ಈಗ ಹಣದ ದಾರಿ. ಟ್ರಂಪ್ ಆಡಳಿತ ಹೇಳಿದ್ದು, ಪಕ್ಷಪಾತಿ ಮಾಧ್ಯಮಕ್ಕೆ ತೆರಿಗೆದಾರರ ಹಣ ಯಾಕೆ ಅಂತ. 2025ರ ಮೇ 1ರಂದು ಅದೇ ಅರ್ಥದ ಆದೇಶವೂ ಹೊರಬಿತ್ತು. ಆದರೆ ಎನ್‌ಪಿಆರ್‌ಗೆ ಸರಕಾರದಿಂದ ನೇರವಾಗಿ ಬರುತ್ತಿದ್ದುದು ಅದರ ಆದಾಯದ ಶೇ. 1ರ ಆಸುಪಾಸು ಮಾತ್ರ. ಹಾಗಾದರೆ ಇಷ್ಟು ಗಲಾಟೆ ಯಾಕೆ? ಇಲ್ಲಿಯೇ ಲೆಕ್ಕದ ಸೂಕ್ಷ್ಮ ಇರುವುದು. ಸಿಪಿಬಿಯ ಹಣದಲ್ಲಿ ಶೇ. 70ಕ್ಕಿಂತ ಹೆಚ್ಚು ಹೋಗುತ್ತಿದ್ದುದು ಸ್ಥಳೀಯ ಕೇಂದ್ರಗಳಿಗೆ. ಆ ಕೇಂದ್ರಗಳು 'ವೀಕೆಂಡ್ ಎಡಿಷನ್'ನಂತಹ ಕಾರ್ಯಕ್ರಮಗಳನ್ನು ಎನ್‌ಪಿಆರ್‌ನಿಂದ ಹಣ ಕೊಟ್ಟು ಪಡೆಯುತ್ತವೆ. ಎನ್‌ಪಿಆರ್‌ನ ಆದಾಯದಲ್ಲಿ ಸುಮಾರು ಶೇ. 30 ಹೀಗೆ ಕೇಂದ್ರಗಳಿಂದ ಬರುವ ಶುಲ್ಕ. ಅಂದರೆ ಸಗಟು ವ್ಯಾಪಾರಿಗೆ ಸರಕಾರ ಹೆಚ್ಚೇನೂ ಕೊಡುತ್ತಿರಲಿಲ್ಲ, ಚಿಲ್ಲರೆ ಅಂಗಡಿಗೆ ಕೊಡುತ್ತಿತ್ತು. ಚಿಲ್ಲರೆ ಅಂಗಡಿ ಮುಚ್ಚಿದರೆ ಸಗಟಿನವನು ಎಷ್ಟು ದಿನ ನಿಲ್ಲುತ್ತಾನೆ? ಸಂಕಷ್ಟದಲ್ಲಿರುವ ಕೇಂದ್ರಗಳ ಹೊರೆ ಇಳಿಸಲು ಎನ್‌ಪಿಆರ್ ತನ್ನ ಬಜೆಟ್‌ನಿಂದ 80 ಲಕ್ಷ ಡಾಲರ್ ಕಡಿತ ಮಾಡುವುದಾಗಿ ಹೇಳಿದ್ದು ಈ ಕಾರಣಕ್ಕೇ.

ಕಡಿತ ಮಾಡಿದ ರೀತಿಯೂ ಗಮನಿಸಬೇಕಾದ್ದು. ರಾಜಕಾರಣಿಗಳು ಪ್ರತಿ ವರ್ಷ ಹಗ್ಗ ಎಳೆಯಬಾರದು ಅಂತ 1975ರಿಂದ ಸಿಪಿಬಿಗೆ ಎರಡು ವರ್ಷ ಮುಂಚಿತವಾಗಿಯೇ ಹಣ ಮಂಜೂರು ಮಾಡುವ ಪದ್ಧತಿ ಇತ್ತು. ಸುದ್ದಿ ಇಷ್ಟವಾಗಲಿಲ್ಲ ಅಂತ ಮರುದಿನವೇ ಕತ್ತು ಹಿಸುಕಲು ಆಗಬಾರದು ಎಂಬುದು ಉದ್ದೇಶ. 2025ರ ಜುಲೈಯಲ್ಲಿ ಕಾಂಗ್ರೆಸ್ ಆ ಮುಂಗಡವನ್ನೇ ವಾಪಸ್ ಎಳೆದುಕೊಂಡಿತು. ಸೆನೆಟ್‌ನಲ್ಲಿ 51-48, ಪ್ರತಿನಿಧಿ ಸಭೆಯಲ್ಲಿ 216-213. ಒಟ್ಟು 900 ಕೋಟಿ ಡಾಲರ್ ಕಡಿತದಲ್ಲಿ ಹೆಚ್ಚಿನದು ವಿದೇಶಿ ನೆರವು, ಪ್ರಸಾರದ ಪಾಲು 110 ಕೋಟಿ. ಜುಲೈ 24ರಂದು ಟ್ರಂಪ್ ಸಹಿ ಹಾಕಿದರು, ಆಗಸ್ಟ್ 1ರಂದು ಸಿಪಿಬಿ ತನ್ನ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು. ಒಬ್ಬೊಬ್ಬ ಅಮೆರಿಕನ್ನನಿಗೆ ಭಾಗಿಸಿದರೆ ವರ್ಷಕ್ಕೆ ಒಂದು ಡಾಲರ್ ಅರವತ್ತು ಸೆಂಟ್ಸ್, ನಮ್ಮ ಲೆಕ್ಕದಲ್ಲಿ 140 ರೂಪಾಯಿ ಆಸುಪಾಸು. ಇಷ್ಟು ಉಳಿಸಲು ಐವತ್ತು ವರ್ಷದ ವ್ಯವಸ್ಥೆ ಮುರಿಯಬೇಕಿತ್ತೇ ಎಂಬುದು ಅಲ್ಲಿನ ಜನ ಕೇಳುತ್ತಿರುವ ಪ್ರಶ್ನೆ.

ಪೆಟ್ಟು ಬಿದ್ದದ್ದು ಯಾರಿಗೆ? ನ್ಯೂಯಾರ್ಕ್, ಬೋಸ್ಟನ್, ಲಾಸ್ ಏಂಜಲೀಸ್‌ನ ಕೇಂದ್ರಗಳಿಗೆ ಕೇಳುಗರ ದೇಣಿಗೆ ಬರುತ್ತದೆ, ಕಂಪೆನಿಗಳ ಪ್ರಾಯೋಜಕತ್ವ ಬರುತ್ತದೆ. ಕಡಿತದ ಸುದ್ದಿ ಕೇಳಿ ಹೊಸದಾಗಿ ದೇಣಿಗೆ ಕೊಟ್ಟವರೂ ಬಹಳ. ಅಲಾಸ್ಕಾದ ಬೆಥೆಲ್ ಎಂಬ ಊರಿನ ಕೆವೈಯುಕೆ ಕೇಂದ್ರದ ಕಥೆ ಬೇರೆ. ರಸ್ತೆಯಿಂದ ತಲುಪಲಾಗದ ಊರು, ವಿಮಾನ ಅಥವಾ ದೋಣಿಯೇ ಗತಿ. ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇರುವುದು ಹೆಚ್ಚಾಗಿ ಯೂಪಿಕ್ ಆದಿವಾಸಿಗಳು. 1971ರಿಂದ ಈ ಕೇಂದ್ರ ಇಂಗ್ಲಿಷ್ ಜೊತೆಗೆ ಯೂಪಿಕ್ ಭಾಷೆಯಲ್ಲೂ ಮಾತಾಡುತ್ತಿದೆ. ಅದರ ಬಜೆಟ್‌ನಲ್ಲಿ ಶೇ. 70ರ ಹತ್ತಿರ ಸಿಪಿಬಿ ಹಣವೇ ಆಗಿತ್ತು. ಆ ಊರಲ್ಲಿ ಜಾಹೀರಾತು ಕೊಡಲು ಮಾಲ್ ಇಲ್ಲ, ಕಾರಿನ ಶೋರೂಂ ಇಲ್ಲ. ಯೂಪಿಕ್ ಭಾಷೆಗೆ ಮಾರುಕಟ್ಟೆಯೂ ಇಲ್ಲ. ಮಾರುಕಟ್ಟೆ ಇಲ್ಲದ ಭಾಷೆಗೆ ಮೈಕ್ ಕೊಡುವವರು ಯಾರು ಅಂತ ಬ್ಯಾರಿ ಮಾತಾಡುವವರಿಗೆ ಬಿಡಿಸಿ ಹೇಳುವ ಅಗತ್ಯ ಇಲ್ಲ.

ಸೆನೆಟ್‌ನಲ್ಲಿ ಚರ್ಚೆ ನಡೆಯುತ್ತಿದ್ದ ಜುಲೈ 16ರಂದೇ ಅಲಾಸ್ಕಾದ ಕರಾವಳಿಯಲ್ಲಿ 7.3 ತೀವ್ರತೆಯ ಭೂಕಂಪ ಆಗಿ ಸುನಾಮಿ ಎಚ್ಚರಿಕೆ ಹೊರಟಿತು. ಆ ಎಚ್ಚರಿಕೆಯನ್ನು ಜನರಿಗೆ ಮುಟ್ಟಿಸಿದವರಲ್ಲಿ ಸ್ಥಳೀಯ ಸಾರ್ವಜನಿಕ ರೇಡಿಯೊಗಳೂ ಇದ್ದವು ಅಂತ ಅಲಾಸ್ಕಾದ ಸೆನೆಟರ್ ಲೀಸಾ ಮುರ್ಕೋವ್‌ಸ್ಕಿ ನೆನಪಿಸಿದರು. ಅವರು ಆಡಳಿತ ಪಕ್ಷದವರೇ, ಆದರೂ ವಿರುದ್ಧ ಮತ ಹಾಕಿದರು. ಮೈನ್ ರಾಜ್ಯದ ಸುಸಾನ್ ಕಾಲಿನ್ಸ್ ಕೂಡ. ಎರಡು ಮತದಿಂದ ಏನೂ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಹಲೋಂಗ್ ಚಂಡಮಾರುತದ ಉಳಿಕೆ ಪಶ್ಚಿಮ ಅಲಾಸ್ಕಾಕ್ಕೆ ಅಪ್ಪಳಿಸಿದಾಗ ಕಿಪ್ನುಕ್, ಕ್ವಿಗಿಲ್ಲಿಂಗೋಕ್ ಹಳ್ಳಿಗಳ ಮನೆಗಳೇ ನೀರಿನಲ್ಲಿ ತೇಲಿಹೋದವು, ಸಾವಿರಾರು ಜನರ ಬದುಕು ಬೀದಿಗೆ ಬಂತು. ಆಗ ಆ ಭಾಗದ ಜನ ಕಿವಿಗೊಟ್ಟದ್ದು ಇದೇ ಕೆವೈಯುಕೆಗೆ.

ಆದಿವಾಸಿ ಕೇಂದ್ರಗಳನ್ನು ಉಳಿಸಲು ಬೇರೆ ಕಡೆಯಿಂದ ಹಣ ಕೊಡಿಸುತ್ತೇವೆ ಅಂತ ದಕ್ಷಿಣ ಡಕೋಟಾದ ಸೆನೆಟರ್ ಮೈಕ್ ರೌಂಡ್ಸ್ ಆಡಳಿತದ ಜೊತೆ ಮಾತಾಡಿಕೊಂಡು ಮಸೂದೆಗೆ ಮತ ಹಾಕಿದರು. ನಾಯಿಟ್, ಮ್ಯಾಕ್ ಆರ್ಥರ್‌ನಂತಹ ಪ್ರತಿಷ್ಠಾನಗಳು ಕಷ್ಟದಲ್ಲಿರುವ ಕೇಂದ್ರಗಳಿಗಾಗಿ ತುರ್ತು ನಿಧಿ ಕಟ್ಟಿವೆ. ಒಳ್ಳೆಯದೇ. ಆದರೆ ಹಕ್ಕಿನಿಂದ ಬರುವ ಹಣ ಬೇರೆ, ದೊಡ್ಡವರ ಕೃಪೆಯಿಂದ ಬರುವ ಹಣ ಬೇರೆ. ಮೊದಲಿನದ್ದು ಮುಂದಿನ ವರ್ಷವೂ ಬರುತ್ತದೆ ಎಂದು ಲೆಕ್ಕ ಬರೆಯಬಹುದು.

ಎನ್‌ಪಿಆರ್ ಸುಮ್ಮನೆ ಕೂರಲಿಲ್ಲ. 2025ರ ಮೇ ತಿಂಗಳ ಕೊನೆಗೆ ಕೊಲರಾಡೋದ ಮೂರು ಕೇಂದ್ರಗಳ ಜೊತೆ ಸೇರಿ ಅಧ್ಯಕ್ಷರ ಆದೇಶದ ವಿರುದ್ಧ ಕೋರ್ಟಿಗೆ ಹೋಯಿತು. ಮೂರರಲ್ಲಿ ಒಂದಾದ ಕೆಎಸ್‌ಯುಟಿ, ಸದರ್ನ್ ಯೂಟ್ ಎಂಬ ಆದಿವಾಸಿ ಸಮುದಾಯ 1976ರಲ್ಲಿ ಕಟ್ಟಿದ ರೇಡಿಯೊ. ವಾದ ಸರಳ: ಸರಕಾರಕ್ಕೆ ಹಿಡಿಸದ ಸುದ್ದಿ ಹೇಳಿದರು ಅಂತ ಹಣ ನಿಲ್ಲಿಸುವುದು ವಾಕ್ ಸ್ವಾತಂತ್ರ್ಯಕ್ಕೆ ಹೊಡೆತ. ಆದೇಶದ ತಲೆಬರಹದಲ್ಲೇ 'ಪಕ್ಷಪಾತಿ ಮಾಧ್ಯಮ' ಎಂಬ ಮಾತಿದ್ದ ಕಾರಣ ಉದ್ದೇಶ ಹುಡುಕಲು ದೂರ ಹೋಗಬೇಕಾಗಿಲ್ಲ.

ಹಾಗಂತ ಎನ್‌ಪಿಆರ್ ತಪ್ಪೇ ಮಾಡದ ಸಂಸ್ಥೆ ಅಂತ ಯಾರೂ ತಿಳಿಯಬೇಕಿಲ್ಲ. ಅದರ ವಿರುದ್ಧದ ರಾಜಕೀಯದಲ್ಲಿ ಮುಸ್ಲಿಮರ ಹೆಸರು ಬಂದುಹೋದ ಎರಡು ಅಧ್ಯಾಯಗಳಿವೆ. ನಮ್ಮ ಯುವಕರಿಗೆ ಅದು ತಿಳಿದಿರಬೇಕು.

2010ರ ಅಕ್ಟೋಬರ್‌ನಲ್ಲಿ ಎನ್‌ಪಿಆರ್‌ನ ವಿಶ್ಲೇಷಕ ಹ್ವಾನ್ ವಿಲಿಯಮ್ಸ್, ಫಾಕ್ಸ್ ಟಿವಿಯಲ್ಲಿ ಕೂತು, ವಿಮಾನದಲ್ಲಿ ಮುಸ್ಲಿಂ ಉಡುಪಿನವರನ್ನು ಕಂಡರೆ ತನಗೆ ಆತಂಕ ಆಗುತ್ತದೆ ಎಂಬರ್ಥದ ಮಾತು ಹೇಳಿದರು. ಅದೇ ಚರ್ಚೆಯಲ್ಲಿ, ಎಲ್ಲ ಮುಸ್ಲಿಮರನ್ನು ಉಗ್ರರ ಜೊತೆ ಸೇರಿಸಬಾರದು ಅಂತಲೂ ವಾದಿಸಿದ್ದರು. ಎರಡೇ ದಿನದಲ್ಲಿ ಎನ್‌ಪಿಆರ್ ಅವರನ್ನು ಕೆಲಸದಿಂದ ತೆಗೆಯಿತು. ತೆಗೆದ ರೀತಿಗೆ ಎಲ್ಲ ಕಡೆಯಿಂದ ಟೀಕೆ ಬಂತು, ಸುದ್ದಿ ವಿಭಾಗದ ಮುಖ್ಯಸ್ಥೆ ಕೆಲ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಗಮನಿಸಿ: ಗೌರವಕ್ಕೆ ಧಕ್ಕೆಯಾದದ್ದು ಮುಸ್ಲಿಮರಿಗೆ, ಆದರೆ ಮರುದಿನದಿಂದ ಚರ್ಚೆಯಾದದ್ದು ವಿಲಿಯಮ್ಸ್‌ಗೆ ಅನ್ಯಾಯ ಆಯಿತೇ ಇಲ್ಲವೇ ಎಂಬುದು. ಆ ಮಾತು ಕೇಳಿಸಿಕೊಂಡ ಒಬ್ಬ ಸಾಮಾನ್ಯ ಮುಸ್ಲಿಂ ಪ್ರಯಾಣಿಕನನ್ನು ಅರ್ಧ ಗಂಟೆ ಮಾತಾಡಿಸಿದ್ದರೆ ಅದು ಒಳ್ಳೆಯ ರೇಡಿಯೊ ಆಗುತ್ತಿತ್ತು. ಕೆಲಸದಿಂದ ತೆಗೆಯುವುದು ಬಾಯಿ ಮುಚ್ಚಿಸಿತೇ ಹೊರತು ಯಾರ ಆತಂಕವನ್ನೂ ಕಡಿಮೆ ಮಾಡಲಿಲ್ಲ.

ಎರಡನೆಯದು ಇನ್ನೂ ವಿಚಿತ್ರ. 2011ರ ಮಾರ್ಚ್‌ನಲ್ಲಿ ಜೇಮ್ಸ್ ಒಕೀಫ್ ಎಂಬ ಬಲಪಂಥೀಯ ಕಾರ್ಯಕರ್ತನ ತಂಡ ಒಂದು ಗುಪ್ತ ವೀಡಿಯೊ ಬಿಟ್ಟಿತು. ಇಬ್ಬರು ಮುಸ್ಲಿಂ ಸಂಘಟನೆಯವರಂತೆ ವೇಷ ಹಾಕಿ, ಎನ್‌ಪಿಆರ್‌ನ ದೇಣಿಗೆ ಸಂಗ್ರಹ ವಿಭಾಗದ ಮುಖ್ಯಸ್ಥ ರಾನ್ ಶಿಲ್ಲರ್ ಅವರನ್ನು ಊಟಕ್ಕೆ ಕರೆದು, 50 ಲಕ್ಷ ಡಾಲರ್ ಕೊಡುತ್ತೇವೆ ಅಂದಿದ್ದರು. ಎನ್‌ಪಿಆರ್ ಆ ಹಣ ಪಡೆಯಲಿಲ್ಲ. ಆದರೆ ಊಟದ ನಡುವೆ ಶಿಲ್ಲರ್ ಬಲಪಂಥೀಯರನ್ನು ಜರೆದಿದ್ದರು, ಸರಕಾರದ ಹಣ ಇಲ್ಲದಿದ್ದರೇ ಸಂಸ್ಥೆಗೆ ಒಳ್ಳೆಯದು ಅಂತಲೂ ಹೇಳಿಬಿಟ್ಟರು. ವೀಡಿಯೊವನ್ನು ದಾರಿ ತಪ್ಪಿಸುವಂತೆ ಕತ್ತರಿಸಲಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಅದನ್ನು ತೋರಿಸಿಕೊಟ್ಟವರಲ್ಲಿ ಬಲಪಂಥೀಯ ಜಾಲತಾಣ ದಿ ಬ್ಲೇಝ್ ಕೂಡ ಇತ್ತು. ಅಷ್ಟರಲ್ಲಿ ಸಿಇಒ ವಿವಿಯನ್ ಶಿಲ್ಲರ್ ಹುದ್ದೆ ಬಿಟ್ಟಾಗಿತ್ತು. ಹೆಸರು ಒಂದೇ, ಇಬ್ಬರಿಗೂ ಸಂಬಂಧ ಇಲ್ಲ. ಅದೇ ತಿಂಗಳು ಪ್ರತಿನಿಧಿ ಸಭೆ 228-192 ಮತಗಳಿಂದ ಎನ್‌ಪಿಆರ್‌ಗೆ ಹಣ ನಿಲ್ಲಿಸುವ ಮಸೂದೆ ಪಾಸು ಮಾಡಿತು. ಸೆನೆಟ್ ಕೈಗೆತ್ತಿಕೊಳ್ಳದ ಕಾರಣ ಅದು ಅಲ್ಲಿಗೇ ನಿಂತಿತು. 2025ರಲ್ಲಿ ಆದದ್ದು ಹದಿನಾಲ್ಕು ವರ್ಷ ಹಿಂದಿನ ಆ ಕೆಲಸದ ಮುಂದುವರಿಕೆ ಅಷ್ಟೆ. ಒಂದು ಮಾಧ್ಯಮ ಸಂಸ್ಥೆಯ ಹೆಸರು ಕೆಡಿಸಬೇಕಾದರೆ ಅದರ ಪಕ್ಕದಲ್ಲಿ ಒಂದು ನಕಲಿ ಮುಸ್ಲಿಂ ಸಂಘಟನೆಯನ್ನು ಕೂರಿಸಿದರೆ ಸಾಕು ಎಂಬ ಯೋಚನೆ ಎಲ್ಲಿಂದ ಬಂತು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ.

ಇದೇ ಸಂಸ್ಥೆಯಲ್ಲಿ 2016ರ ಅಧ್ಯಕ್ಷೀಯ ಚುನಾವಣೆಯನ್ನು ಹಿಜಾಬ್ ಧರಿಸಿಯೇ ವರದಿ ಮಾಡಿದ ಅಸ್ಮಾ ಖಾಲಿದ್ ಇದ್ದರು. ಆಮೇಲೆ ಅವರು ಶ್ವೇತಭವನದ ವರದಿಗಾರ್ತಿಯೂ ಆದರು. ಹೊರಗಿನ ಪತ್ರಕರ್ತರಿಗೆ ಇಸ್ರೇಲ್ ಗಾಝಾದ ಬಾಗಿಲು ಮುಚ್ಚಿದಾಗ, ಒಳಗೇ ಇದ್ದ ಅನಸ್ ಬಾಬಾ ಅವರ ದನಿ ಎನ್‌ಪಿಆರ್ ಮೂಲಕ ಅಮೆರಿಕದ ಅಡುಗೆಮನೆಗಳಿಗೆ ತಲುಪಿತು. ಹಸಿದ ಜನ ಆಹಾರದ ಪೊಟ್ಟಣಕ್ಕೆ ಹೋಗಿ ಹೇಗೆ ಸಾಯುತ್ತಿದ್ದಾರೆ ಎಂಬುದನ್ನು ಅವರು ತಾನೇ ಆ ಗುಂಪಿನಲ್ಲಿ ಹೋಗಿ ವರದಿ ಮಾಡಿದರು. ಇಸ್ರೇಲ್ ಪರದವರಿಗೆ ಎನ್‌ಪಿಆರ್ ಫೆಲೆಸ್ತೀನ್ ಪರ, ಫೆಲೆಸ್ತೀನ್ ಪರದವರಿಗೆ ಅದು ಅಳೆದು ತೂಗಿ ಮಾತಾಡುವ ಅಂಜುಬುರುಕ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇರಬಹುದು. ಆದರೆ ಗಾಝಾದೊಳಗೆ ಒಬ್ಬ ಸಂಬಳದ ವರದಿಗಾರನನ್ನು ಇಟ್ಟುಕೊಂಡ ಅಮೆರಿಕನ್ ಪ್ರಸಾರ ಸಂಸ್ಥೆಗಳು ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ.

ಒಳಗಿನಿಂದಲೇ ಬಂದ ಟೀಕೆಯನ್ನೂ ಹೇಳದೆ ಬಿಡುವಂತಿಲ್ಲ. 25 ವರ್ಷ ಅಲ್ಲೇ ದುಡಿದ ಹಿರಿಯ ಸಂಪಾದಕ ಉರಿ ಬರ್ಲೈನರ್ 2024ರ ಏಪ್ರಿಲ್‌ನಲ್ಲಿ ಒಂದು ಲೇಖನ ಬರೆದು, ಸಂಸ್ಥೆ ಒಂದೇ ಬಗೆಯ ಜನರಿಗೆ ಮಾತಾಡುತ್ತಿದೆ ಎಂದರು. ಅವರು ಕೊಟ್ಟ ಲೆಕ್ಕದಂತೆ 2011ರಲ್ಲಿ ಕೇಳುಗರಲ್ಲಿ ಶೇ. 26 ಸಂಪ್ರದಾಯವಾದಿಗಳು ಇದ್ದರು, 2023ಕ್ಕೆ ಶೇ. 11. ಸಂಸ್ಥೆ ಅವರನ್ನು ಅಮಾನತು ಮಾಡಿತು, ಅವರು ರಾಜೀನಾಮೆ ಕೊಟ್ಟರು, ಟ್ರಂಪ್ ಕಡೆಯವರಿಗೆ ಒಂದು ಆಯುಧ ಸಿಕ್ಕಿತು. ಗಿರಾಕಿಗಳಲ್ಲಿ ಅರ್ಧ ಊರು ಬರುವುದನ್ನು ನಿಲ್ಲಿಸಿದರೆ ಯಾವ ಅಂಗಡಿಯವನೂ ಒಮ್ಮೆ ಕಪಾಟು ತಿರುಗಿ ನೋಡಿಕೊಳ್ಳುತ್ತಾನೆ. ಎನ್‌ಪಿಆರ್ ಅದನ್ನು ತಡವಾಗಿ ಮಾಡಿತು. ಅದಕ್ಕೆ ಶಿಕ್ಷೆ ಅನುಭವಿಸುತ್ತಿರುವುದು ಮಾತ್ರ ಬೆಥೆಲ್‌ನ ಯೂಪಿಕ್ ಅಜ್ಜಿ.

ಸರಕಾರದ ಹಣ ಇಲ್ಲದೆ ಬೇರೆ ದಾರಿ ಇಲ್ಲವೇ ಅಂದರೆ, ಬ್ರಿಟನ್ ಇದೆ. ಅಲ್ಲಿ ಟಿವಿ ನೋಡುವ ಪ್ರತಿ ಮನೆ ಬಿಬಿಸಿಗಾಗಿ ಪರವಾನಿಗೆ ಶುಲ್ಕ ಕೊಡುತ್ತದೆ, 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ಅಲ್ಲಿಯೂ ನೆಮ್ಮದಿ ಇಲ್ಲ. ಟ್ರಂಪ್ ಭಾಷಣವನ್ನು ತಪ್ಪಾಗಿ ಎಡಿಟ್ ಮಾಡಿದ ವಿವಾದದಲ್ಲಿ 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ರಾಜೀನಾಮೆ ಕೊಟ್ಟರು. ನಮ್ಮಲ್ಲೂ 1980ರ ದಶಕದವರೆಗೆ ರೇಡಿಯೊ ಇಡಲು ಪೋಸ್ಟ್ ಆಫೀಸಿನಲ್ಲಿ ಲೈಸನ್ಸ್ ಮಾಡಿಸಬೇಕಿತ್ತು. ಹಿರಿಯರ ಟ್ರಂಕಿನಲ್ಲಿ ಆ ಪುಸ್ತಕ ಈಗಲೂ ಸಿಗಬಹುದು.

ಭಾರತದ ಕಥೆ ಇದಕ್ಕಿಂತ ಬೇರೆ. 'ಆಕಾಶವಾಣಿ' ಎಂಬ ಹೆಸರು ಮೈಸೂರಿನದ್ದು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತನ್ನ ಸ್ವಂತ ಆಸಕ್ತಿಯಿಂದ ನಡೆಸಿದ ರೇಡಿಯೊ ಕೇಂದ್ರದ ಹೆಸರು ಅದು. ಆಮೇಲೆ ರೇಡಿಯೊ ಸರಕಾರದ್ದೇ ಆಯಿತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆಕಾಶದ ಅಲೆಗಳು ಸಾರ್ವಜನಿಕರ ಸೊತ್ತು ಎಂದಿತು. 1997ರಲ್ಲಿ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆಯಾಗಿ ಬಂತು, ಆದರೆ ಸಂಬಳ ಈಗಲೂ ಕೇಂದ್ರದ ಅನುದಾನದಿಂದಲೇ. ಖಾಸಗಿ ಎಫ್‌ಎಂಗಳು ಬಂದವು. ಅವುಗಳಿಗೆ ಸ್ವಂತ ಸುದ್ದಿ ಹೇಳಲು ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ ಮರುಪ್ರಸಾರ ಮಾಡಬಹುದು ಅಷ್ಟೆ. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ಟ್ರಾಯ್ 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತ್ತು. ಟಿವಿಯಲ್ಲಿ ಏನೂ ಹೇಳಬಹುದು, ಯೂಟ್ಯೂಬ್‌ನಲ್ಲಿ ಏನೂ ಹೇಳಬಹುದು, ರೇಡಿಯೊದಲ್ಲಿ ಮಾತ್ರ ಆಗದು! ಹೀಗಾಗಿ ಈ ದೇಶದ ಅತಿ ಪರಿಚಿತ ವಾರಾಂತ್ಯದ ರೇಡಿಯೊ ಮಾತು ಅಂದರೆ ತಿಂಗಳ ಕೊನೆಯ ಭಾನುವಾರದ 'ಮನ್ ಕಿ ಬಾತ್'. 2014ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಅದರಲ್ಲಿ ಎದುರು ಕೂತು ಪ್ರಶ್ನೆ ಕೇಳುವ ಸಂದರ್ಶಕ ಇಲ್ಲ.

ಗಡಿಯ ಆಚೆಗಿನ ಕನ್ನಡಿಗರಿಗೆ ರೇಡಿಯೊ ಇನ್ನೊಂದು ಕಾರಣಕ್ಕೆ ಮುಖ್ಯ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದಾಗ ಅದು ಮಂಜೇಶ್ವರ, ಉಪ್ಪಳ, ಕುಂಬಳೆಯ ಮನೆಗಳಿಗೂ ಸೇರಿದ್ದಾಯಿತು. ತಲಪಾಡಿಯ ಚೆಕ್‌ಪೋಸ್ಟ್‌ನಲ್ಲಿ ರೇಡಿಯೊ ಅಲೆಯನ್ನು ತಡೆಯುವವರಿಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಜೀವ ಬಿಟ್ಟರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ದಿನಗಳಲ್ಲಿ ಯಾವ ರಸ್ತೆ ತೆರೆದಿದೆ, ಆಂಬ್ಯುಲೆನ್ಸ್ ಬಿಡುತ್ತಾರಾ ಎಂಬ ಸುದ್ದಿ ಓಡಾಡಿದ್ದು ವಾಟ್ಸ್‌ಆ್ಯಪ್ ಆಡಿಯೊಗಳಲ್ಲಿ. ಹೇಳಿದವನು ಯಾರು, ಯಾವ ದಿನದ್ದು, ಯಾವುದೂ ಗೊತ್ತಿಲ್ಲದ ಆಡಿಯೊಗಳು.

ಬ್ಯಾರಿ ಭಾಷೆಗೆ ಮೈಕ್ ಇಲ್ಲವೆಂದಲ್ಲ. ಮಂಗಳೂರು ಆಕಾಶವಾಣಿಯಲ್ಲಿ ಬ್ಯಾರಿ ಕಾರ್ಯಕ್ರಮ ಬಂದಿದೆ, ಸಂತ ಅಲೋಶಿಯಸ್ ಕಾಲೇಜಿನ ಸಮುದಾಯ ರೇಡಿಯೊ 'ಸಾರಂಗ್' ಕನ್ನಡ, ತುಳು, ಕೊಂಕಣಿಯ ಜೊತೆ ಬ್ಯಾರಿಯಲ್ಲೂ ಮಾತಾಡಿದೆ. ಕವನ, ಹಾಡು, ಹಬ್ಬದ ಶುಭಾಶಯ ಎಲ್ಲ ಸರಿ. ಒಬ್ಬ ಬ್ಯಾರಿ ಎಂಜಿನಿಯರನ್ನು ಕೂರಿಸಿ ಗಲ್ಫ್‌ನಲ್ಲಿ ಕೆಲಸಗಳು ಯಾಕೆ ಕಡಿಮೆ ಆಗುತ್ತಿವೆ ಅಂತ ಬ್ಯಾರಿಯಲ್ಲೇ ಏಳು ನಿಮಿಷ ಕೇಳುವುದು, ಉಳ್ಳಾಲದ ದೋಣಿಯವರನ್ನೂ ಸಮುದ್ರ ವಿಜ್ಞಾನಿಯನ್ನೂ ಒಟ್ಟಿಗೆ ಕೂರಿಸಿ ಬೂತಾಯಿ ಯಾಕೆ ಸಿಗುತ್ತಿಲ್ಲ ಅಂತ ಕೇಳುವುದು, ಆ ಬಗೆಯ ಮಾತು ಬೇಕು. ಪಾಡ್‌ಕಾಸ್ಟ್ ಮಾಡಿದರೆ ಆಯಿತಲ್ಲ ಅನ್ನಬಹುದು. ಮಾಡಬಹುದು, ಹುಡುಗರು ಮಾಡುತ್ತಲೂ ಇದ್ದಾರೆ. ಆದರೆ ಅದು ಹುಡುಕಿ ಹೋದವರಿಗೆ ಮಾತ್ರ ಸಿಗುತ್ತದೆ. ಮೀನು ಕೊಯ್ಯುತ್ತಾ ರೇಡಿಯೊ ಕೇಳುವ ಉಮ್ಮನಿಗೆ ಅದು ತಾನಾಗಿ ತಲುಪುವುದಿಲ್ಲ.

ಸಮುದಾಯ ರೇಡಿಯೊದ ಲೆಕ್ಕವನ್ನೂ ನೋಡಿ. ಮೊದಲು ಗಂಟೆಗೆ ಏಳು ನಿಮಿಷ ಇದ್ದ ಜಾಹೀರಾತು ಅವಕಾಶವನ್ನು ಕೇಂದ್ರ ಸರಕಾರ 2024ರಲ್ಲಿ ಹನ್ನೆರಡು ನಿಮಿಷಕ್ಕೆ ಏರಿಸಿತು. ಸರಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ 52ರಿಂದ 74 ರೂಪಾಯಿ ಆಯಿತು. ಹನ್ನೆರಡು ನಿಮಿಷ ಅಂದರೆ ಹತ್ತು ಸೆಕೆಂಡಿನ 72 ತುಂಡುಗಳು. ಎಲ್ಲವೂ ಭರ್ತಿಯಾದರೆ ಗಂಟೆಗೆ 5,328 ರೂಪಾಯಿ. ಭರ್ತಿಯಾಗುವುದು ಎಷ್ಟು ಗಂಟೆ ಎಂಬುದು ಬೇರೆ ಮಾತು. ಅದರಲ್ಲೇ ಕರೆಂಟ್ ಬಿಲ್, ಯಂತ್ರದ ರಿಪೇರಿ, ಮಾತಾಡುವವರ ಸಂಬಳ. ಇಷ್ಟಾಗಿ ಕೇಂದ್ರ ನಡೆಸಿದರೂ ಹವಾಮಾನ, ಟ್ರಾಫಿಕ್, ಕರೆಂಟು ನೀರಿನ ಪ್ರಕಟಣೆಗಿಂತ ಮುಂದೆ ಸ್ವಂತ ಸುದ್ದಿಗೆ ಅನುಮತಿ ಇಲ್ಲ. ನೇತ್ರಾವತಿಯಲ್ಲಿ ನೀರು ಏರಿದೆ ಅಂತ ಹೇಳಬಹುದು. ಹೊಳೆಯಲ್ಲಿ ಮರಳು ತೆಗೆಯಲು ಬಿಟ್ಟವರು ಯಾರು ಎಂದು ಅಧಿಕಾರಿಯನ್ನು ಮೈಕಿನ ಮುಂದೆ ಕೂರಿಸಿ ಕೇಳಿದರೆ ಅದು ಸುದ್ದಿಯಾಗುತ್ತದೆ.